ಜೀನ್ಸ್ ಕೊಳ್ಳುವ ಮುಂಚೆ ಒಂದು ಟೇಪು ಹುಡುಕಿಕೊಳ್ಳಿ

ನಮ್ಮ ಮನೆಯ ಬೀರುವಿನಲ್ಲಿ ನನ್ನವೇ ಏಳು ಜೀನ್ಸ್ ಇವೆ. ಹಾಕುವುದು ಎರಡನ್ನೇ. ಉಳಿದವುಗಳಲ್ಲಿ ಒಂದು ಕೂತರೆ ಹಿಂದೆ ಜಾರುತ್ತದೆ. ಒಂದು ತೊಡೆ ಹಿಡಿಯುತ್ತದೆ. ಇನ್ನೊಂದು ಮೊದಲ ಒಗೆತಕ್ಕೇ ಕುಗ್ಗಿ, ಹಾಕಿಕೊಂಡರೆ ಗದ್ದೆಗೆ ಇಳಿಯಲು ಹೊರಟವನ ಹಾಗೆ ಕಾಣುತ್ತೇನೆ. ದುಡ್ಡು ಕೊಟ್ಟಿದ್ದೇನಲ್ಲ ಅಂತ ಎಸೆಯಲು ಮನಸ್ಸಿಲ್ಲ, ಅಷ್ಟೇ.

ಎರಡು ವರ್ಷದ ಹಿಂದೆ ಆನ್‌ಲೈನ್‌ನಲ್ಲಿ ಒಂದೇ ಬ್ರ್ಯಾಂಡಿನ, ಒಂದೇ ಸೈಜಿನ ಎರಡು ಜೀನ್ಸ್ ತರಿಸಿದ್ದೆ. ಎರಡರ ಮೇಲೂ 34 ಅಂತಲೇ ಇತ್ತು. ಒಂದು ಸರಿಯಾಗಿ ಕೂತಿತು, ಇನ್ನೊಂದು ಬೆಲ್ಟ್ ಇಲ್ಲದೆ ನಿಲ್ಲಲಿಲ್ಲ. ಟೇಪು ಹಿಡಿದು ನೋಡಿದರೆ ಒಂದರ ಸೊಂಟ 35 ಇಂಚು, ಇನ್ನೊಂದರದ್ದು 36½. ಅವತ್ತಿನಿಂದ ಚೀಟಿ ನಂಬುವುದನ್ನು ಬಿಟ್ಟೆ. ಅಂಗಡಿಗೆ ಹೋದರೂ, ಮೊಬೈಲ್‌ನಲ್ಲಿ ನೋಡಿದರೂ ನಾನು ಈಗ ಯಾವ ಕ್ರಮದಲ್ಲಿ ಆರಿಸುತ್ತೇನೋ ಅದನ್ನೇ ಇಲ್ಲಿ ಬರೆದಿದ್ದೇನೆ. ಬ್ರ್ಯಾಂಡ್ ಮಾತು ಕೊನೆಗೆ ಬರುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ಮೊದಲು ಮನೆಯಲ್ಲಿರೋ ಒಳ್ಳೆ ಜೀನ್ಸ್ ಅಳೆಯಿರಿ

ನಿಮ್ಮ ಮೈ ಅಳೆಯಬೇಡಿ. ನಿಮಗೆ ಸರಿಯಾಗಿ ಕೂರುವ ಒಂದು ಪ್ಯಾಂಟು ಇದ್ದೇ ಇರುತ್ತದಲ್ಲ, ಅದನ್ನು ಅಳೆಯಿರಿ. ಗುಂಡಿ ಹಾಕಿ, ಜಿಪ್ಪು ಎಳೆದು, ನೆಲದ ಮೇಲೆ ಹಾಸಿ, ಕೈಯಿಂದ ಸುಕ್ಕು ಬಿಡಿಸಿ. ಎಳೆದು ಹಿಗ್ಗಿಸಬೇಡಿ. ಈಗ ಆರು ಅಳತೆ ಬರೆದುಕೊಳ್ಳಿ.

ಸೊಂಟಪಟ್ಟಿಯನ್ನು ಒಂದು ತುದಿಯಿಂದ ಇನ್ನೊಂದಕ್ಕೆ ಅಳೆದು ಎರಡರಷ್ಟು ಮಾಡಿ. ಎರಡನೆಯದು ರೈಸ್, ಅಂದರೆ ಕಾಲು ಕವಲೊಡೆಯುವ ಹೊಲಿಗೆಯಿಂದ ಮುಂದಿನ ಗುಂಡಿಯ ಮೇಲಿನ ಅಂಚಿನವರೆಗಿನ ಉದ್ದ. ಆಮೇಲೆ ಆ ಕವಲಿನಿಂದ ಒಂದಿಂಚು ಕೆಳಗೆ ತೊಡೆಯ ಅಗಲ, ಮೊಣಕಾಲಿನ ಅಗಲ, ಬಾಟಮ್‌ನ ಅಗಲ. ಕೊನೆಗೆ ಒಳಗಿನ ಹೊಲಿಗೆಯುದ್ದಕ್ಕೂ ಕಾಲಿನ ಉದ್ದ. ನನ್ನದು ಹೀಗಿದೆ: ಸೊಂಟ 36, ರೈಸ್ 10½, ತೊಡೆ 12½, ಮೊಣಕಾಲು 8½, ಬಾಟಮ್ 7¾, ಉದ್ದ 30. ಇದನ್ನು ಮೊಬೈಲ್‌ನಲ್ಲಿ ನೋಟ್ ಮಾಡಿಟ್ಟುಕೊಂಡಿದ್ದೇನೆ.

ಈ ಆರರಲ್ಲಿ ಸೊಂಟವೇ ಮುಖ್ಯ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಅಲ್ಲ. ಸೊಂಟ ಒಂದಿಂಚು ಆಚೀಚೆ ಆದರೆ ಟೈಲರ್ ಸರಿ ಮಾಡಿಕೊಡುತ್ತಾರೆ. ರೈಸ್ ಮತ್ತು ತೊಡೆ ತಪ್ಪಿದರೆ ಯಾರೂ ಏನೂ ಮಾಡಲಾಗದು. ಕೂತಾಗ ಬೆನ್ನು ಕಾಣುವುದು, ನಡೆದಾಗ ಕವಲಿನಲ್ಲಿ ಉಜ್ಜುವುದು, ಪದೇ ಪದೇ ಪ್ಯಾಂಟು ಮೇಲಕ್ಕೆಳೆಯುವುದು, ಇವೆಲ್ಲ ರೈಸ್‌ನ ತಕರಾರು. ಪಾಪ, ಜನ ಇದಕ್ಕೆ ತಮ್ಮ ಹೊಟ್ಟೆಯನ್ನು ಬೈದುಕೊಳ್ಳುತ್ತಾರೆ.

ಆನ್‌ಲೈನ್‌ನಲ್ಲಿ ಕೊಳ್ಳುವಾಗ ಸೈಜ್ ಚಾರ್ಟ್‌ನಲ್ಲಿ ಎರಡು ಬಗೆ ಇರುತ್ತದೆ: ಮೈ ಅಳತೆ ಮತ್ತು ಬಟ್ಟೆಯ ಅಳತೆ. ನಿಮಗೆ ಬೇಕಿರುವುದು ಎರಡನೆಯದು. ಅದು ಕೊಟ್ಟಿಲ್ಲದಿದ್ದರೆ ವಾಪಸ್ ತೆಗೆದುಕೊಳ್ಳುವ ಸೌಕರ್ಯ ಇದ್ದರಷ್ಟೇ ತರಿಸಿ.

ಫಿಟ್ಟಿಂಗ್: ಹೆಸರುಗಳ ಗೊಂದಲ

ಸ್ಕಿನ್ನಿ, ಸ್ಲಿಮ್, ಟೇಪರ್ಡ್, ಸ್ಟ್ರೇಟ್, ರಿಲ್ಯಾಕ್ಸ್ಡ್, ಬ್ಯಾಗಿ, ಬೂಟ್‌ಕಟ್, ಫ್ಲೇರ್, ವೈಡ್ ಲೆಗ್, ಮಾಮ್ ಫಿಟ್. ಇಷ್ಟು ಹೆಸರು ಕೇಳಿ ತಲೆ ಕೆಡಿಸಿಕೊಳ್ಳಬೇಕಿಲ್ಲ. ಮೂರು ಜಾಗ ನೋಡಿದರೆ ಸಾಕು: ತೊಡೆ, ಮೊಣಕಾಲು, ಬಾಟಮ್. ಮೂರೂ ಕಾಲಿಗೆ ಅಂಟಿಕೊಂಡಿದ್ದರೆ ಸ್ಕಿನ್ನಿ. ಅಂಟದೆ ಹತ್ತಿರದಲ್ಲೇ ಇದ್ದರೆ ಸ್ಲಿಮ್. ತೊಡೆ ಸಡಿಲ ಇದ್ದು ಕೆಳಗೆ ಹೋಗುತ್ತಾ ಕಿರಿದಾದರೆ ಟೇಪರ್ಡ್. ಮೊಣಕಾಲಿನಿಂದ ಕೆಳಕ್ಕೆ ಹೆಚ್ಚುಕಮ್ಮಿ ಒಂದೇ ಅಗಲ ಇದ್ದರೆ ಸ್ಟ್ರೇಟ್. ಮೊಣಕಾಲಿಗಿಂತ ಬಾಟಮ್ ಸ್ವಲ್ಪ ಅಗಲವಾದರೆ ಬೂಟ್‌ಕಟ್, ಬೂಟಿನ ಮೇಲೆ ಪ್ಯಾಂಟು ಇಳಿಯಲಿ ಅಂತ ಮಾಡಿದ್ದು. ಜಾಸ್ತಿ ಅಗಲವಾದರೆ ಫ್ಲೇರ್, ನಮ್ಮ ಅಪ್ಪಂದಿರ ಕಾಲದ ಬೆಲ್ ಬಾಟಮ್. ತೊಡೆಯಿಂದಲೇ ಅಗಲ ಶುರುವಾದರೆ ವೈಡ್ ಲೆಗ್. ಮಾಮ್ ಫಿಟ್ ಅಂದರೆ ಸೊಂಟ ಎತ್ತರಕ್ಕೆ, ಹಿಂಭಾಗ ಸಡಿಲ, ಕೆಳಗೆ ಕಿರಿದು.

ಹತ್ತು-ಹನ್ನೆರಡು ವರ್ಷದ ಹಿಂದೆ ಎಲ್ಲಿ ನೋಡಿದರೂ ಸ್ಕಿನ್ನಿ. ಈಗ ಕಾಲೇಜು ಹುಡುಗ ಹುಡುಗಿಯರೆಲ್ಲ ಬ್ಯಾಗಿ. ನನ್ನ ತಂಗಿ ಮಗ ಹೋದ ದೀಪಾವಳಿಗೆ ತಂದ ಪ್ಯಾಂಟಿನ ಒಂದು ಕಾಲಿನಲ್ಲಿ ಅವನ ಎರಡೂ ಕಾಲು ಹಿಡಿಯುತ್ತವೆ. "ಮಾಮಾ, ಇದೇ ಟ್ರೆಂಡು" ಅಂದ. ನಮ್ಮಮ್ಮ ಅದನ್ನು ನೋಡಿ, "ನಿಮ್ಮ ತಾತಂದು ಹಿಂಗೇ ಇತ್ತಪ್ಪ" ಅಂದರು. ಇಬ್ಬರದ್ದೂ ನಿಜ.

ದಿನಾ ಹಾಕಲು ಒಂದೇ ಒಂದು ಕೊಳ್ಳುವವರಿಗೆ ನನ್ನ ಓಟು ಸ್ಟ್ರೇಟ್‌ಗೆ, ಅದರಲ್ಲೂ ಮಿಡ್ ರೈಸ್‌ಗೆ, ಅಂದರೆ ರೈಸ್ ತೀರಾ ಗಿಡ್ಡವೂ ಅಲ್ಲದ, ತೀರಾ ಎತ್ತರವೂ ಅಲ್ಲದ್ದಕ್ಕೆ. ಬೈಕ್ ಓಡಿಸುವವರು, ನೆಲದ ಮೇಲೆ ಚಕ್ಕಂಬಕ್ಕಲ ಹಾಕಿ ಊಟಕ್ಕೆ ಕೂರುವವರು ಲೋ ರೈಸ್ ಕಡೆ ತಿರುಗಿಯೂ ನೋಡಬೇಡಿ. ಕುರ್ತಾ ಕೆಳಗೆ ಹಾಕುವ ಹೆಣ್ಣುಮಕ್ಕಳಿಗೆ ಸ್ಲಿಮ್ ಅಥವಾ ಸ್ಟ್ರೇಟ್ ಒಪ್ಪುತ್ತದೆ. ಗಿಡ್ಡ ಕುರ್ತಿ ಆದರೆ ಬೂಟ್‌ಕಟ್ ಕೂಡ ಚೆನ್ನ. ವೈಡ್ ಲೆಗ್ ಇಷ್ಟ ಇದ್ದು ಎತ್ತರ ಕಡಿಮೆ ಅಂತ ಹಿಂಜರಿಯುವವರು ಸೊಂಟ ಎತ್ತರಕ್ಕೆ ಬರುವಂಥದ್ದನ್ನು ಆರಿಸಿ, ಬಾಟಮ್ ನೆಲಕ್ಕೆ ಬೆರಳಗಲ ಮೇಲೆ ನಿಲ್ಲುವಂತೆ ಮಾಡಿಸಿ. ಕಣಕಾಲಿನ ಹತ್ತಿರ ಕತ್ತರಿಸಿದರೆ ಇನ್ನೂ ಗಿಡ್ಡ ಕಾಣುತ್ತೀರಿ.

ಬಟ್ಟೆಯನ್ನು ಬೆರಳಿಂದ ನೋಡಿ

ಮನೆಯಲ್ಲಿ ಹರಿದ ಹಳೇ ನೀಲಿ ಜೀನ್ಸ್ ಇದ್ದರೆ ಒಂದು ಕೆಲಸ ಮಾಡಿ. ಹರಿದ ಅಂಚಿನಿಂದ ಒಂದು ನೀಲಿ ಎಳೆ ಕಿತ್ತುಕೊಳ್ಳಿ. ಹುರಿ ಬಿಚ್ಚುವ ಹಾಗೆ ಎರಡು ಬೆರಳಲ್ಲಿ ತಿರುಗಿಸಿ ಬಿಡಿಸಿ. ಹೊರಗೆ ನೀಲಿ, ನಡುವೆ ಬಿಳಿ. ಜೀನ್ಸ್‌ನ ಗುಟ್ಟೆಲ್ಲ ಇದೇ. ಕಾರ್ಖಾನೆಯಲ್ಲಿ ಹಾಸಿನ ನೂಲನ್ನು, ಅಂದರೆ ಬಟ್ಟೆಯ ಉದ್ದಕ್ಕೆ ಹೋಗುವ ನೂಲನ್ನು, ಹಗ್ಗದ ಹಾಗೆ ಕಟ್ಟಿ ಇಂಡಿಗೋ ಅನ್ನುವ ನೀಲಿ ಬಣ್ಣದ ತೊಟ್ಟಿಯಲ್ಲಿ ಅದ್ದುತ್ತಾರೆ, ಗಾಳಿಗೆ ಎತ್ತುತ್ತಾರೆ, ಮತ್ತೆ ಅದ್ದುತ್ತಾರೆ. ತೊಟ್ಟಿಯಲ್ಲಿ ಹಳದಿ-ಹಸಿರು ಇದ್ದ ನೂಲು ಗಾಳಿ ತಾಗಿದ ಮೇಲೇ ನೀಲಿಯಾಗುವುದು. ಆ ಬಣ್ಣ ನೂಲಿನ ಮೈಮೇಲೆ ಪದರ ಪದರವಾಗಿ ಕೂರುತ್ತದೆಯೇ ಹೊರತು ಒಳಗೆ ಇಳಿಯುವುದಿಲ್ಲ. ಅಡ್ಡ ನೂಲಿಗಂತೂ ಬಣ್ಣವೇ ಇಲ್ಲ, ಅದಕ್ಕೇ ಜೀನ್ಸ್‌ನ ಒಳಮೈ ಬೆಳ್ಳಗೆ. ಬಳಸುತ್ತಾ ಮೇಲಿನ ಪದರ ಸವೆದು ಮೊಣಕಾಲು, ಜೇಬಿನ ಅಂಚು ಬೆಳ್ಳಗಾಗುತ್ತದೆ. ಬೇರೆ ಪ್ಯಾಂಟು ಬಣ್ಣ ಬಿಟ್ಟರೆ ಹಳತಾಯಿತು ಅನ್ನುತ್ತೇವೆ, ಜೀನ್ಸ್ ಬಣ್ಣ ಬಿಟ್ಟರೆ ಚೆನ್ನಾಗಿದೆ ಅನ್ನುತ್ತೇವೆ!

ಡೆನಿಮ್‌ನ, ಅಂದರೆ ಜೀನ್ಸ್ ಬಟ್ಟೆಯ, ತೂಕವನ್ನು ಔನ್ಸ್‌ನಲ್ಲಿ ಹೇಳುತ್ತಾರೆ. ಒಂದು ಚದರ ಗಜ ಬಟ್ಟೆ ಎಷ್ಟು ಔನ್ಸ್ ತೂಗುತ್ತದೆ ಅನ್ನುವುದು ಲೆಕ್ಕ. 10 ಔನ್ಸ್ ಅಂದರೆ ಚದರ ಮೀಟರಿಗೆ ಸುಮಾರು 340 ಗ್ರಾಂ. ಮಂಗಳೂರಿನ ಸೆಕೆ, ಕಲಬುರಗಿಯ ಬಿಸಿಲಿಗೆ 8ರಿಂದ 10 ಔನ್ಸ್ ಸಾಕೋ ಸಾಕು. ಬೆಂಗಳೂರು, ಮಡಿಕೇರಿ ಕಡೆಯವರು 12ರವರೆಗೂ ಹೋಗಬಹುದು. 14 ಔನ್ಸ್ ಮೇಲ್ಪಟ್ಟದ್ದು ತಗಡಿನ ಹಾಗೆ ನಿಲ್ಲುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಅದನ್ನು ಒಗೆದರೆ ಮೂರು ದಿನ ಒಲೆಯ ಮೇಲೆ ಕಟ್ಟಿದ ತಂತಿಯಲ್ಲೇ ವಾಸ. ಚೀಟಿಯಲ್ಲಿ ಔನ್ಸ್ ಬರೆದಿಲ್ಲದಿದ್ದರೆ ಬಟ್ಟೆಯನ್ನು ಮುಷ್ಟಿಯಲ್ಲಿ ಹಿಡಿದು ಬಿಡಿ. ಮಡಿಕೆ ನಿಧಾನಕ್ಕೆ ಬಿಚ್ಚಿಕೊಂಡರೆ ಸಾಧಾರಣವಾಗಿ ಒಳ್ಳೆ ಹತ್ತಿ ಬಟ್ಟೆ. ರಬ್ಬರಿನ ಹಾಗೆ ಛಂಗನೆ ಎದ್ದರೆ ಅದರಲ್ಲಿ ಪಾಲಿಸ್ಟರ್, ಎಲಾಸ್ಟೇನ್ (ರಬ್ಬರಿನಂತೆ ಹಿಗ್ಗುವ ನೂಲು) ಜಾಸ್ತಿ ಇದೆ.

ಎಲಾಸ್ಟೇನ್ ಬೇಡವೇ ಬೇಡ ಅಂತ ನಾನು ಹೇಳುವುದಿಲ್ಲ. ನೂರಕ್ಕೆ ಒಂದು-ಎರಡು ಇದ್ದರೆ ಬೈಕ್ ಹತ್ತುವಾಗ, ಬಗ್ಗುವಾಗ ಆರಾಮ. ಅದಕ್ಕಿಂತ ಮೇಲೆ ಹೋದಂತೆ ಜೀನ್ಸ್ ಜೆಗ್ಗಿಂಗ್ಸ್ ಆಗುತ್ತದೆ. ಬಿಸಿಲು ಮತ್ತು ಇಸ್ತ್ರಿಯ ಶಾಖ ತಾಗಿ ಎಲಾಸ್ಟೇನ್ ಸಾಯುತ್ತದೆ. ಆಮೇಲೆ ಮೊಣಕಾಲಿನಲ್ಲಿ ಉಬ್ಬು ಬಂದರೆ ಇಳಿಯುವುದಿಲ್ಲ.

ಇನ್ನೊಂದು ಪರೀಕ್ಷೆ: ಬಿಳಿ ಕರ್ಚೀಫಿನ ತುದಿ ಒದ್ದೆ ಮಾಡಿ ಪ್ಯಾಂಟಿನ ಒಳಮಡಿಕೆಯಲ್ಲಿ ಹತ್ತು ಸಲ ಉಜ್ಜಿ. ಕಡು ನೀಲಿ ಜೀನ್ಸ್ ಸ್ವಲ್ಪ ಬಣ್ಣ ಬಿಟ್ಟೇ ಬಿಡುತ್ತದೆ. ಕರ್ಚೀಫು ಪೂರ್ತಿ ನೀಲಿಯಾದರೆ ನಾಳೆ ನಿಮ್ಮ ಸೋಫಾ, ಕಾರಿನ ಸೀಟು, ಬಿಳಿ ಶೂ ಎಲ್ಲದರ ಗತಿಯೂ ಅದೇ. ನಮ್ಮ ನೆಂಟರ ಮನೆಯ ಕೆನೆಬಣ್ಣದ ದಿವಾನದ ಮೇಲೆ ನಾನು ಕೂತು ಎದ್ದ ಗುರುತು ಇವತ್ತಿಗೂ ಇದೆ.

ಒಳಗು ಹೊರಗು ಮಾಡಿ

ನಮ್ಮ ಬೀದಿಯ ಟೈಲರ್ ಅಣ್ಣ ಯಾರು ಜೀನ್ಸ್ ತಂದರೂ ಮೊದಲು ಅದನ್ನು ಒಳಗು ಹೊರಗು ಮಾಡುತ್ತಾರೆ. ಕಂಪನಿ ಹೆಸರು ನೋಡುವುದೇ ಇಲ್ಲ. "ಹೊರಗಡೆ ಎಲ್ಲರೂ ಚೆನ್ನಾಗೇ ಹೊಲೀತಾರೆ, ಒಳಗೆ ನೋಡಿ ಸಾರ್" ಅನ್ನುತ್ತಾರೆ. ಅವರು ನೋಡುವುದು ನಾಲ್ಕೇ ಜಾಗ.

ಕಾಲಿನ ಉದ್ದದ ಹೊಲಿಗೆಯಲ್ಲಿ ಎರಡು ಬಟ್ಟೆಯ ಅಂಚು ಒಂದರೊಳಗೊಂದು ಮಡಚಿಕೊಂಡು, ಮೇಲೆ ಎರಡು ಸಾಲು ದಾರ ಹೋಗಿದ್ದರೆ ಗಟ್ಟಿ. ಬರೀ ಓವರ್‌ಲಾಕ್, ಅಂದರೆ ಅಂಚಿಗೆ ದಾರ ಸುತ್ತುವ ಹೊಲಿಗೆ, ಹಾಕಿ ಬಿಟ್ಟಿದ್ದರೆ ಅಲ್ಲಿಂದಲೇ ಬಿಚ್ಚಿಕೊಳ್ಳುವುದು. ಜೇಬಿನ ಒಳಚೀಲದ ಬಟ್ಟೆ ಕಿಟಕಿ ಪರದೆಯ ಹಾಗೆ ತೆಳ್ಳಗಿದ್ದರೆ ಬೀಗದ ಕೈಗೊಂಚಲು ಆರು ತಿಂಗಳಲ್ಲಿ ತೂತು ಮಾಡುತ್ತದೆ. ಬೆಲ್ಟ್ ಲೂಪ್, ಜೇಬಿನ ಮೂಲೆ, ಜಿಪ್ಪಿನ ಕೆಳತುದಿ, ಇಲ್ಲೆಲ್ಲ ದಾರವನ್ನು ಒತ್ತೊತ್ತಾಗಿ ಅಡ್ಡಕ್ಕೆ ಹೊಡೆದ ಗಂಟುಪಟ್ಟಿ ಇರಬೇಕು. ಜಿಪ್ಪು ಲೋಹದ್ದಿರಲಿ. ಹಿಡಿಯ ಮೇಲೆ ವೈಕೆಕೆ ಅಂತಿದ್ದರೆ ಅದು ಜಪಾನಿನ ಹೆಸರುವಾಸಿ ಜಿಪ್ಪು ಕಂಪನಿಯದ್ದು. ಜಿಪ್ಪನ್ನು ಐದಾರು ಸಲ ಎಳೆದು ನೋಡಿ, ಅಂಗಡಿಯವರು ಏನೂ ಅನ್ನುವುದಿಲ್ಲ.

ಈಗ ಬ್ರ್ಯಾಂಡ್ ಮಾತಾಡೋಣ

ಜೇಬಿನ ಮೂಲೆಯ ಆ ತಾಮ್ರದ ಮೊಳೆ ಇದೆಯಲ್ಲ, ಜೀನ್ಸ್ ಕಥೆ ಶುರುವಾಗುವುದೇ ಅಲ್ಲಿಂದ. ಅಮೆರಿಕದ ನೆವಾಡಾದ ರೀನೋ ಊರಿನ ದರ್ಜಿ ಜೇಕಬ್ ಡೇವಿಸ್ ಕೂಲಿಕಾರರ ಪ್ಯಾಂಟಿನ ಜೇಬು ಹರಿಯದಿರಲಿ ಅಂತ ಮೊಳೆ ಹೊಡೆದ. ಪೇಟೆಂಟ್ ಮಾಡಿಸಲು ಬಟ್ಟೆ ವ್ಯಾಪಾರಿ ಲೀವೈ ಸ್ಟ್ರಾಸ್ ಜೊತೆ ಸೇರಿಕೊಂಡ. 1873ರ ಮೇ 20ರಂದು ಪೇಟೆಂಟ್ ಸಿಕ್ಕಿತು. ಅದೇ ಲೀವೈಸ್. ಮುಂದಿನ ಜೇಬಿನೊಳಗಿನ ಆ ಪುಟ್ಟ ಜೇಬು ಸರಪಳಿ ಗಡಿಯಾರ ಇಡಲು ಇದ್ದದ್ದು.

ಲೀವೈಸ್‌ನಲ್ಲಿ ನಂಬರೇ ಫಿಟ್ಟಿಂಗ್‌ನ ಹೆಸರು. 501 ಹಳೆಯದು, ಸ್ಟ್ರೇಟ್, ಜಿಪ್ಪಿನ ಬದಲು ಗುಂಡಿ. 505 ಅಂದರೆ ಜಿಪ್ಪು ಇರುವ ರೆಗ್ಯುಲರ್. 511 ಸ್ಲಿಮ್, 512 ಸ್ಲಿಮ್ ಟೇಪರ್, 517 ಬೂಟ್‌ಕಟ್. ನಿಮ್ಮ ನಂಬರ್ ಒಂದು ಸಲ ಗೊತ್ತಾದರೆ ಅರ್ಧ ಕೆಲಸ ಮುಗಿಯಿತು, ಆದರೂ ಟೇಪು ಮರೆಯಬೇಡಿ. ಲೀ ಮತ್ತು ರ್‍ಯಾಂಗ್ಲರ್ ಕೂಡ ಅಮೆರಿಕದವೇ. ರ್‍ಯಾಂಗ್ಲರ್ 1947ರಲ್ಲಿ ಕುದುರೆ ಸವಾರಿಯ ಕೌಬಾಯ್‌ಗಳಿಗೆ ಅಂತಲೇ ಹೊಲಿದದ್ದು. ಪೆಪೆ 1973ರಲ್ಲಿ ಲಂಡನ್ನಿನ ಪೋರ್ಟೊಬೆಲ್ಲೊ ರಸ್ತೆಯ ಸಂತೆಯಲ್ಲಿ ಶುರುವಾಯಿತು. ಶುರುಮಾಡಿದವರು ಶಾ ಸಹೋದರರು, ಭಾರತ ಮೂಲದವರು.

ನಮ್ಮ ದೇಶದ್ದೇ ಬೇಕಾದರೆ ಫ್ಲೈಯಿಂಗ್ ಮಷೀನ್, ಕಿಲ್ಲರ್, ಸ್ಪೈಕರ್, ಮುಫ್ತಿ ಇವೆ. ಫ್ಲೈಯಿಂಗ್ ಮಷೀನ್ ಅಹಮದಾಬಾದಿನ ಅರವಿಂದ್ ಕಂಪನಿಯದು. ಅದೇ ಅರವಿಂದ್ 90ರ ದಶಕದಲ್ಲಿ ರಫ್ ಅಂಡ್ ಟಫ್ ಅಂತ ತಂದಿತ್ತು, ನೆನಪಿದೆಯಾ? ಪೊಟ್ಟಣದಲ್ಲಿ ಬಟ್ಟೆ, ಜಿಪ್ಪು, ಗುಂಡಿ, ಮೊಳೆ, ಚೀಟಿ ಎಲ್ಲ ಇರುತ್ತಿತ್ತು. ಊರಿನ ಟೈಲರ್ ಹತ್ತಿರ ಕೊಟ್ಟು ನಮ್ಮ ಅಳತೆಗೆ ಹೊಲಿಸಿಕೊಳ್ಳುವುದು. ನನ್ನ ಮೊದಲ ಜೀನ್ಸ್ ಅದೇ. ನಿಜ ಹೇಳಬೇಕೆಂದರೆ, ಅಷ್ಟು ಚೆನ್ನಾಗಿ ಕೂತ ಜೀನ್ಸ್ ಆಮೇಲೆ ಸಿಕ್ಕಿಲ್ಲ.

ನಮ್ಮ ರಾಜ್ಯದಲ್ಲೇ ಬಳ್ಳಾರಿ ಇದೆ. ಅಲ್ಲಿ ಜೀನ್ಸ್ ಅನ್ನುವುದು ಗಲ್ಲಿ ಗಲ್ಲಿಯ ಕಸುಬು. ಕತ್ತರಿಸುವವರು ಒಬ್ಬರು, ಹೊಲಿಯುವವರು ಇನ್ನೊಬ್ಬರು, ಕಾಜಾ ಗುಂಡಿಗೆ ಮತ್ತೊಬ್ಬರು, ಬಣ್ಣ ಇಳಿಸಲು ವಾಷಿಂಗ್ ಘಟಕ ಬೇರೆ. ಮನೆಯಲ್ಲಿ ಕೂತು ದಾರದ ತುದಿ ಕತ್ತರಿಸುವ ಹೆಂಗಸರೂ ಇದ್ದಾರೆ. ಬ್ರ್ಯಾಂಡಿನ ಹೆಸರು ನೀವು ಕೇಳಿರಲಿಕ್ಕಿಲ್ಲ, ಬೆಲೆ ಶೋರೂಮಿನ ಮೂರನೇ ಒಂದು ಭಾಗವೂ ಇರಬಹುದು. ಒಳ್ಳೆಯದೂ ಇದೆ, ಕಳಪೆಯೂ ಇದೆ. ಒಳಗು ಹೊರಗು ಮಾಡುವ ಪರೀಕ್ಷೆ ಇಲ್ಲಿ ಬಹಳ ಉಪಯೋಗಕ್ಕೆ ಬರುತ್ತದೆ.

ದುಡ್ಡು ಎಲ್ಲಿ ಸುರಿಯಬೇಕು? ವಾರಕ್ಕೆ ನಾಲ್ಕು ದಿನ ಹಾಕುವ ಸಾದಾ ಕಡು ನೀಲಿ ಸ್ಟ್ರೇಟ್ ಮೇಲೆ. ಒಂದು ಸೀಸನ್‌ಗೆ ಬಂದು ಹೋಗುವ ಬ್ಯಾಗಿ, ಫ್ಲೇರ್ ಎಲ್ಲ ಜೂಡಿಯೋದಂಥ ಕಡಿಮೆ ಬೆಲೆಯ ಅಂಗಡಿಯಲ್ಲೇ ಸಾಕು. ಹರಿದದ್ದು, ಮೊಣಕಾಲು ಸವೆಸಿದ್ದು ಜಾಸ್ತಿ ಬೆಲೆಗೆ ಕೊಳ್ಳುವುದು ನನಗಂತೂ ಅರ್ಥವಾಗಿಲ್ಲ. ಹಿಂದೆ ಆ ಹಳೇ ಕಳೆ ಬರಿಸಲು ಪ್ಯಾಂಟಿನ ಮೇಲೆ ರಭಸದಿಂದ ಮರಳು ಹೊಡೆಯುತ್ತಿದ್ದರು. ಆ ಧೂಳು ಕುಡಿದು ಕೆಲಸಗಾರರ ಶ್ವಾಸಕೋಶ ಕೆಟ್ಟು ಸತ್ತವರಿದ್ದಾರೆ. ಟರ್ಕಿ 2009ರಲ್ಲಿ ಅದನ್ನು ನಿಷೇಧಿಸಿತು. ಈಗ ಲೇಸರ್‌ನಲ್ಲಿ ಸುಡುವುದು ಬಂದಿದೆ.

ಟ್ರಯಲ್ ರೂಮಿನಲ್ಲಿ

ಸುಮ್ನೆ ಕನ್ನಡಿ ಮುಂದೆ ನಿಂತು ಬರಬೇಡಿ. ಕುಕ್ಕರಗಾಲಲ್ಲಿ ಕೂರಿ. ಬೈಕ್ ಹತ್ತುವ ಹಾಗೆ ಕಾಲೆತ್ತಿ. ಜೇಬಿಗೆ ಮೊಬೈಲ್ ಹಾಕಿ ನಡೆಯಿರಿ. ಹೆಣ್ಣುಮಕ್ಕಳ ಜೀನ್ಸ್‌ನಲ್ಲಿ ಎಷ್ಟೋ ಸಲ ಜೇಬು ಇರುವುದೇ ಇಲ್ಲ, ಬರೀ ಹೊಲಿಗೆಯ ಗೆರೆ. ಬೆರಳು ಹಾಕಿ ನೋಡಿ. ಪೂರ್ತಿ ಹತ್ತಿಯದ್ದು ಸೊಂಟದಲ್ಲಿ ಸ್ವಲ್ಪ ಬಿಗಿ ಇರಲಿ, ಹತ್ತು ದಿನದಲ್ಲಿ ಅರ್ಧದಿಂದ ಒಂದಿಂಚು ಬಿಡುತ್ತದೆ. ಊಟ ಆದ ಮೇಲೆ ಹೋಗುವುದು ಒಳ್ಳೆಯದು, ಬೆಳಗಿನ ಖಾಲಿ ಹೊಟ್ಟೆಯ ಸೊಂಟ ಸುಳ್ಳು ಹೇಳುತ್ತದೆ. ಸೊಂಟಪಟ್ಟಿಯನ್ನು ಕುತ್ತಿಗೆಗೆ ಸುತ್ತಿ ನೋಡುವ ಉಪಾಯ ಅಂದಾಜಿಗಷ್ಟೇ. ಟೇಪು ಐವತ್ತು ರೂಪಾಯಿ ಒಳಗೇ ಸಿಗುತ್ತದಲ್ಲ.

ಟೈಲರ್ ಹತ್ತಿರ ಹೋಗುವ ಮುಂಚೆ

ಒಂದು ಸಲ ಒಗೆಯಿರಿ. ಇದು ತಪ್ಪಿದರೆ ನನ್ನ ಗದ್ದೆ ಪ್ಯಾಂಟಿನ ಕಥೆಯೇ. ಒಗೆದು, ಒಣಗಿಸಿ, ನೀವು ಜಾಸ್ತಿ ಹಾಕುವ ಚಪ್ಪಲಿ ಅಥವಾ ಶೂ ಮೆಟ್ಟಿಕೊಂಡೇ ಉದ್ದ ಗುರುತು ಹಾಕಿಸಿ.

ಉದ್ದ ಕಡಿಮೆ ಮಾಡುವುದು, ಸೊಂಟ ಒಂದೆರಡು ಇಂಚು ಹಿಡಿಯುವುದು, ಮೊಣಕಾಲಿನ ಕೆಳಗೆ ಕಿರಿದು ಮಾಡುವುದು ಆಗುತ್ತದೆ. ತೊಡೆ ಅಗಲ ಮಾಡುವುದು, ರೈಸ್ ಹೆಚ್ಚಿಸುವುದು ಆಗದು. ಉದ್ದ ಕತ್ತರಿಸುವಾಗ ಬಾಟಮ್‌ನ ಹಳೇ ಅಂಚನ್ನೇ ಉಳಿಸಿ ಮತ್ತೆ ಜೋಡಿಸಲು ಹೇಳಿ. ಆ ಅಂಚಿನಲ್ಲಿ ಬಣ್ಣ ಸವೆದ ಗೆರೆ ಇರುತ್ತದೆ, ಹೊಸದಾಗಿ ಮಡಚಿದರೆ ಆಲ್ಟ್ರೇಷನ್ ಮಾಡಿಸಿದ್ದು ದೂರದಿಂದಲೇ ಗೊತ್ತಾಗುತ್ತದೆ. ದಾರವೂ ಹಳೆಯದರ ಬಣ್ಣದ್ದೇ, ದಪ್ಪದ್ದೇ ಇರಲಿ. ಕತ್ತರಿಸಿ ಉಳಿದ ಬಟ್ಟೆಯ ತುಂಡನ್ನು ಬಿಟ್ಟು ಬರಬೇಡಿ, ಕೇಳಿ ಇಸಿದುಕೊಳ್ಳಿ.

ಒಗೆಯುವುದು, ತೇಪೆ ಹಾಕುವುದು

ಕಲ್ಲಿನ ಮೇಲೆ ಹಾಕಿ ಬ್ರಷ್ಷಿನಲ್ಲಿ ತಿಕ್ಕುವುದೇ ಜೀನ್ಸ್‌ಗೆ ಮೊದಲ ಶತ್ರು. ಗುಂಡಿ, ಜಿಪ್ಪು ಹಾಕಿ, ಒಳಗು ಹೊರಗು ಮಾಡಿ, ತಣ್ಣೀರಲ್ಲಿ ಕಡಿಮೆ ಸೋಪಿನಲ್ಲಿ ಒಗೆಯಿರಿ. ಮೊದಲ ಎರಡು ಒಗೆತ ಬೇರೆಯಾಗಿಯೇ. ಉಪ್ಪುನೀರು, ವಿನೆಗರ್‌ನಲ್ಲಿ ನೆನೆಸಿದರೆ ಬಣ್ಣ ಗಟ್ಟಿಯಾಗುತ್ತದೆ ಅಂತಾರೆ. ಇಂಡಿಗೋ ವಿಷಯದಲ್ಲಿ ಅದು ನಡೆಯುವುದಿಲ್ಲ. ನೆರಳಲ್ಲಿ, ಒಳಮೈ ಹೊರಗಿರುವಂತೆಯೇ ಒಣಗಿಸಿ. ಫ್ರೀಜರ್‌ನಲ್ಲಿಟ್ಟರೆ ಕ್ರಿಮಿ ಸಾಯುತ್ತವೆ ಅನ್ನುವುದೂ ಸುಳ್ಳು. ತಿಂಗಳುಗಟ್ಟಲೆ ಒಗೆಯದೆ ಹಾಕುವ ಶೋಕಿ ತಣ್ಣಗಿನ ದೇಶದವರಿಗೆ ಇರಲಿ. ನಮ್ಮ ಬೆವರಿಗೆ ನಾಲ್ಕೈದು ಸಲ ಹಾಕಿದ ಮೇಲೆ ಒಗೆಯಲೇಬೇಕು.

ಜೀನ್ಸ್ ಮೊದಲು ಸವೆಯುವುದು ತೊಡೆಯ ಒಳಭಾಗದಲ್ಲಿ, ಕವಲಿನ ಪಕ್ಕ. ಬೈಕ್, ಸೈಕಲ್ ಸವಾರರಿಗಂತೂ ಬೇಗ. ಎರಡು ತಿಂಗಳಿಗೊಮ್ಮೆ ಆ ಜಾಗವನ್ನು ಬೆಳಕಿಗೆ ಹಿಡಿದು ನೋಡಿ. ನೀಲಿ ಎಳೆ ಹೋಗಿ ಬಿಳಿ ಅಡ್ಡ ಎಳೆ ಮಾತ್ರ ಬಲೆಯ ಹಾಗೆ ಕಂಡರೆ ಅವತ್ತೇ ಟೈಲರ್ ಹತ್ತಿರ ಹೋಗಿ. ತೂತಾದ ಮೇಲೆ ತೇಪೆ ಎದ್ದು ಕಾಣುತ್ತದೆ, ಮುಂಚೆಯೇ ಒಳಗಿನಿಂದ ಬಟ್ಟೆ ಕೊಟ್ಟು ಅದೇ ಬಣ್ಣದ ದಾರದಲ್ಲಿ ಹಿಂದೆ ಮುಂದೆ ಹೊಲಿಗೆ ಓಡಿಸಿದರೆ ಯಾರಿಗೂ ಗೊತ್ತಾಗುವುದಿಲ್ಲ. ಒಳಗೆ ಕೊಡಲು ಯಾವ ಬಟ್ಟೆ ಅಂತೀರಾ? ಬಾಟಮ್ ಕತ್ತರಿಸಿದಾಗ ಇಸಿದುಕೊಂಡ ಆ ತುಂಡು. ಅದೇ ಬಟ್ಟೆ, ಅದೇ ತೂಕ, ಅದೇ ನೀಲಿ. ನನ್ನ ಎರಡು ಜೀನ್ಸ್‌ನ ತುಂಡುಗಳು ಬೀರುವಿನ ಕೆಳಗಿನ ಖಾನೆಯಲ್ಲಿ, ಒಂದು ಹಳೇ ಮಿಠಾಯಿ ಡಬ್ಬಿಯಲ್ಲಿವೆ. ಪ್ಯಾಂಟು ಒಗೆಯಲು ಹಾಕುವಾಗ ಒಂದೊಂದು ಸಲ ಅವನ್ನೂ ಜೊತೆಗೆ ಹಾಕುತ್ತೇನೆ, ಇಲ್ಲದಿದ್ದರೆ ಪ್ಯಾಂಟು ತಿಳಿಯಾಗಿ ತೇಪೆ ಕಡು ನೀಲಿಯಾಗಿ ಉಳಿದುಬಿಡುತ್ತದೆ.